ಹದಿನೈದು ಅಕ್ಷರಗಳ ಅಂಕಿತ

ಶಾಸನಗಳನ್ನು ಓದುವ ಹವ್ಯಾಸವುಳ್ಳವರಿಗೆ ಸಂಖ್ಯೆಯ ಬೆಲೆ ಗೊತ್ತಿರುತ್ತದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೆಯ ಸಂಪುಟ ನಮ್ಮ ಹಾಸನ ಜಿಲ್ಲೆಯದು. ಅದರಲ್ಲಿ ಒಂದೊಂದು ಕಲ್ಲಿಗೂ ತಾಲ್ಲೂಕಿನ ಗುರುತು, ಅದರ ಜೊತೆಗೊಂದು ಸಂಖ್ಯೆ. ಚನ್ನರಾಯಪಟ್ಟಣದ ಇಂತಿಷ್ಟನೆಯದು, ಅರಕಲಗೂಡಿನ ಇಂತಿಷ್ಟನೆಯದು ಎಂದರೆ ಸಾಕು; ಬಲ್ಲವನು ಆ ಊರಿಗೆ ಹೋಗಿ ಆ ಕಲ್ಲನ್ನೇ ಹುಡುಕಿ ಅದರ ಮುಂದೆ ನಿಲ್ಲಬಲ್ಲ. ಸಂಖ್ಯೆಯೆಂಬುದು ಅಲ್ಲಿ ಲೆಕ್ಕವಲ್ಲ, ವಿಳಾಸ.

ನನ್ನ ಈ ಹವ್ಯಾಸವನ್ನು ಬಲ್ಲ ಹೊಳೆನರಸೀಪುರದ ಗೆಳೆಯರೊಬ್ಬರು ಒಂದು ಸಂಜೆ ಒಂದು ಕಾಗದ ಹಿಡಿದು ಬಂದರು. ಪೈಪು, ಬಣ್ಣಗಳ ಸಣ್ಣ ಅಂಗಡಿ ಅವರದು, ತಂದೆಯ ಕಾಲದ್ದು. “ಹಳಗನ್ನಡದ ಕಲ್ಲನ್ನೇ ಓದುತ್ತೀರಿ, ಇದನ್ನಷ್ಟು ಓದಿ ಹೇಳಿ” ಎಂದರು. ಅದು ತೆರಿಗೆಯ ನೋಟೀಸು. ಹಿಂದಿನ ವರ್ಷವೊಂದರಲ್ಲಿ ಅವರು ಸಗಟು ವ್ಯಾಪಾರಿಯೊಬ್ಬರಿಂದ 1,80,000 ರೂಪಾಯಿಯ ಸರಕು ತರಿಸಿ, ಅದರ ಮೇಲೆ ಶೇಕಡಾ 18ರಂತೆ 32,400 ರೂಪಾಯಿ ತೆರಿಗೆಯನ್ನೂ ಕೊಟ್ಟಿದ್ದರು. ಆ ಹಣ ಸರ್ಕಾರವನ್ನು ತಲಪಿರಲೇ ಇಲ್ಲ. ಸಗಟು ವ್ಯಾಪಾರಿಯ ನೋಂದಣಿ, ಬಿಲ್ಲಿನ ತಾರೀಖಿಗಿಂತ ಹಿಂದಿನಿಂದಲೇ ಅನ್ವಯವಾಗುವಂತೆ ರದ್ದಾಗಿತ್ತು. ಆದ್ದರಿಂದ ಗೆಳೆಯರು ತಮ್ಮ ಲೆಕ್ಕದಲ್ಲಿ ಕಳೆದುಕೊಂಡಿದ್ದ 32,400 ರೂಪಾಯಿಯನ್ನು ಬಡ್ಡಿಸಹಿತ ಹಿಂದಕ್ಕೆ ಕಟ್ಟಬೇಕು. “ಬಿಲ್ಲಿನ ಮೇಲೆ ನಂಬರು ಇತ್ತಲ್ಲ!” ಎಂಬುದು ಅವರ ಕೊರಗು.

ನಂಬರು ಇತ್ತು, ನಿಜ. ಅದನ್ನು ಓದಿದವರು ಯಾರೂ ಇರಲಿಲ್ಲ. ಅಂದು ಅವರ ಮುಂದೆ ಕುಳಿತು ನಾನು ಓದಿದ ಬಗೆಯನ್ನೇ ಇಂದು ಇಲ್ಲಿ ಹೇಳಬೇಕೆಂದಿದ್ದೇನೆ.

2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ವರ್ತಕರಿಗೆ ದೊರೆತದ್ದು 11 ಅಂಕಿಗಳ ಸಂಖ್ಯೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಗೆ ಬಂದ ಮೇಲೆ ಅದರ ಸ್ಥಾನದಲ್ಲಿ ನಿಂತದ್ದು ಅಂಕಿಯೂ ಅಕ್ಷರವೂ ಬೆರೆತ 15 ಸ್ಥಾನಗಳ ಈ ಅಂಕಿತ. ಇದರ ಮೊದಲ ಎರಡು ಅಂಕಿ ರಾಜ್ಯದ ಗುರುತು. ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33. ಆಮೇಲಿನ ಹತ್ತು ಸ್ಥಾನಗಳು ವರ್ತಕನ ಆದಾಯ ತೆರಿಗೆಯ ಪ್ಯಾನ್ ಸಂಖ್ಯೆ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಈ ಪ್ಯಾನಿನ ನಾಲ್ಕನೆಯ ಅಕ್ಷರ ಮಾತನಾಡುವ ಅಕ್ಷರ. ಅದು ‘ಪಿ’ ಆದರೆ ಒಬ್ಬ ವ್ಯಕ್ತಿ, ‘ಎಫ್’ ಆದರೆ ಪಾಲುದಾರಿಕೆ, ‘ಸಿ’ ಆದರೆ ಕಂಪನಿ, ‘ಎಚ್’ ಆದರೆ ಹಿಂದೂ ಅವಿಭಕ್ತ ಕುಟುಂಬ. ಹದಿಮೂರನೆಯದು, ಅದೇ ಪ್ಯಾನಿನ ಮೇಲೆ ಅದೇ ರಾಜ್ಯದಲ್ಲಿ ಪಡೆದ ನೋಂದಣಿ ಎಷ್ಟನೆಯದು ಎಂಬುದನ್ನು ತಿಳಿಸುತ್ತದೆ. ಹದಿನಾಲ್ಕನೆಯದು ಸಾಮಾನ್ಯವಾಗಿ ‘ಝಡ್’. ಕೊನೆಯದು ತಾಳೆಯ ಗುರುತು. ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು. ನಡುವೆ ಒಂದಕ್ಷರ ತಪ್ಪಿದರೆ ಇದು ತಾಳೆಯಾಗುವುದಿಲ್ಲ.

ಇಷ್ಟು ತಿಳಿದರೆ ಬಿಲ್ಲು ಬೇರೆಯಾಗಿಯೇ ಕಾಣತೊಡಗುತ್ತದೆ. ಹಾಸನದ ಅಂಗಡಿಯವನು ಅರಕಲಗೂಡಿನ ಗಿರಾಕಿಗೆ ಮಾರಿದರೆ ತೆರಿಗೆ ಕೇಂದ್ರಕ್ಕರ್ಧ, ರಾಜ್ಯಕ್ಕರ್ಧ ಎಂದು ಎರಡು ಸಾಲಾಗಿ ಇರಬೇಕು. ತಮಿಳುನಾಡಿನ 33ರ ವರ್ತಕ ಹಾಸನಕ್ಕೆ ಸರಕು ಕಳಿಸಿದರೆ ಒಟ್ಟಾಗಿ ಒಂದೇ ಸಾಲು. ಇವು ಅದಲುಬದಲಾಗಿದ್ದರೆ ಕೇಳಿ ತಿಳಿಯುವುದು ಲೇಸು.

ಆದರೆ ಅಕ್ಷರ ಸರಿಯಿದ್ದ ಮಾತ್ರಕ್ಕೆ ನೋಂದಣಿ ಜೀವಂತವಾಗಿದೆಯೆಂದು ಹೇಳಲಾಗದು. ಗೆಳೆಯರು ಎಡವಿದ್ದು ಇಲ್ಲಿಯೇ. ಜಿ.ಎಸ್.ಟಿ. ಜಾಲತಾಣದಲ್ಲಿ ಈ ಸಂಖ್ಯೆಯನ್ನು ಬರೆದರೆ ವರ್ತಕನ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಲೆಕ್ಕಪತ್ರಗಳನ್ನು ಸಲ್ಲಿಸುತ್ತಿದ್ದಾನೋ ಇಲ್ಲವೋ ಎಲ್ಲವೂ ಕಾಣುತ್ತದೆ. ಇದಕ್ಕೆ ಶುಲ್ಕವಿಲ್ಲ, ಯಾರ ಅಪ್ಪಣೆಯೂ ಬೇಡ. ಕೊಳ್ಳುವ ವರ್ತಕನಿಗೆ ಇದು ಕುತೂಹಲದ ಮಾತಲ್ಲ, ಬದುಕಿನ ಮಾತು. ತಾನು ಕೊಟ್ಟ ತೆರಿಗೆಯನ್ನು ತನ್ನ ಬಾಕಿಯಲ್ಲಿ ಕಳೆದುಕೊಳ್ಳಬೇಕಾದರೆ ಮಾರಿದವನು ಆ ಬಿಲ್ಲನ್ನು ತನ್ನ ಲೆಕ್ಕದಲ್ಲಿ ತೋರಿಸಿರಬೇಕು, ತೆರಿಗೆಯನ್ನು ಕಟ್ಟಿರಬೇಕು. ಒಬ್ಬನ ಸೋಮಾರಿತನವೋ ಮೋಸವೋ ಮತ್ತೊಬ್ಬನ ಗಲ್ಲಾಪೆಟ್ಟಿಗೆಗೆ ಕನ್ನ ಹಾಕುವುದು ಹೀಗೆ.

ಇನ್ನು ನಮ್ಮಂಥ ಗಿರಾಕಿಗಳ ಮಾತು. ನೋಂದಣಿಯಿಲ್ಲದವನು ಜಿ.ಎಸ್.ಟಿ. ಎಂದು ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ. ರಾಜಿ ತೆರಿಗೆಯ ಪದ್ಧತಿಗೆ ಸೇರಿದ ಸಣ್ಣ ವರ್ತಕನೂ, ಹೋಟೆಲಿನವನೂ ತೆರಿಗೆಯನ್ನು ತನ್ನ ಕೈಯಿಂದ ಕಟ್ಟಬೇಕೇ ಹೊರತು ಬಿಲ್ಲಿನಲ್ಲಿ ಬೇರೆಯಾಗಿ ಸೇರಿಸಬಾರದು. ನೋಂದಾಯಿತನಾದವನು ತನ್ನ ಸಂಖ್ಯೆಯನ್ನು ಬಾಗಿಲಿನ ನಾಮಫಲಕದಲ್ಲಿ ಬರೆಸಬೇಕು. ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ದೋಸೆ ತಿಂದು ಕೈ ತೊಳೆದ ಮೇಲೆ ಬಿಲ್ಲಿನಲ್ಲಿ ತೆರಿಗೆಯಿದ್ದು ಸಂಖ್ಯೆಯಿಲ್ಲದಿದ್ದರೆ, ಅದೆಲ್ಲಿ ಎಂದು ಕೇಳುವುದು ಜಿಪುಣತನವಲ್ಲ.

ಎಲ್ಲರಿಗೂ ಈ ಅಂಕಿತ ಬೇಕೆಂದಲ್ಲ. ನಮ್ಮ ರಾಜ್ಯದಲ್ಲಿ ಸರಕನ್ನಷ್ಟೇ ಮಾರುವವನಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಒದಗಿಸುವವನಿಗೆ 20 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ತನ್ನ ಹೊಲದ ಬೆಳೆಯನ್ನು ಮಾರುವ ರೈತನಿಗೆ ಬೇಕಿಲ್ಲ. ಹಾಸನದ ಆಲೂಗಡ್ಡೆಗೆ ತೆರಿಗೆಯಿಲ್ಲ. ಅದು ಚಿಪ್ಸ್ ಆದರೆ ಉಂಟು. ಚನ್ನರಾಯಪಟ್ಟಣದ ತೆಂಗಿನಕಾಯಿಗಿಲ್ಲ, ಒಣಗಿ ಕೊಬ್ಬರಿಯಾದರೆ ಉಂಟು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಹೊಗೆಸೊಪ್ಪಿನ ಮೇಲಿನ ತೆರಿಗೆಯನ್ನು ಬೆಳೆಗಾರನಲ್ಲ, ಕೊಳ್ಳುವ ನೋಂದಾಯಿತ ವರ್ತಕನೇ ಕಟ್ಟಬೇಕು. ಈ ಗೆರೆಗಳನ್ನು ಅರಿಯದಿದ್ದರೆ ಭಯ ಹುಟ್ಟುತ್ತದೆ. 2025ರ ಜುಲೈಯಲ್ಲಿ ಯು.ಪಿ.ಐ. ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಬಂದಾಗ ಅನೇಕರು ಹೆದರಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಜಮೆಯಾದದ್ದೆಲ್ಲ ತೆರಿಗೆಯ ವಹಿವಾಟಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವನು ಖರೀದಿ, ಮಾರಾಟಗಳ ಲೆಕ್ಕವಿಟ್ಟಿದ್ದರೆ ಧೈರ್ಯವಾಗಿ ಉತ್ತರ ಕೊಡಬಹುದು.

ಒಂದು ಎಚ್ಚರವನ್ನೂ ಹೇಳಿಬಿಡಬೇಕು. ಈ ಸಂಖ್ಯೆ ಪ್ರಾಮಾಣಿಕತೆಗೆ ಕೊಟ್ಟ ಬಿರುದಲ್ಲ. ಸರಕಿನ ಗುಣಕ್ಕೆ ಹೊಣೆಯೂ ಅಲ್ಲ. ಲೆಕ್ಕ ಕೇಳಬೇಕಾದಾಗ ಯಾರನ್ನು ಕೇಳಬೇಕೆಂದು ತಿಳಿಸುವ ವಿಳಾಸ, ಅಷ್ಟೆ. ನೋಂದಣಿಗೆಂದು ಬಡವರ ಪ್ಯಾನ್ ಪಡೆದು ದುರುಪಯೋಗ ಮಾಡುವವರೂ ಇರುವುದರಿಂದ ಕಂಡವರ ಕೈಗೆ ಅದನ್ನು ಕೊಡಬಾರದು.

ಗೆಳೆಯರು ಹಣ ಕಟ್ಟಿದರು. ಆ ತಿಂಗಳು ಅವರಿಗೆ ಸುಲಭವಾಗಿರಲಿಲ್ಲ. ಮೊನ್ನೆ ಹೊಳೆನರಸೀಪುರಕ್ಕೆ ಹೋದಾಗ ಅವರ ಮೇಜಿನ ಮೇಲೊಂದು ಹೊಸ ಪುಸ್ತಕ ಕಂಡೆ. ಸರಕು ಕಳಿಸುವ ಒಬ್ಬೊಬ್ಬರ ಹೆಸರು, ಎದುರಿಗೆ ಆ ಹದಿನೈದು ಅಕ್ಷರ, ಅದರ ಮುಂದೆ ಪರೀಕ್ಷಿಸಿದ ತಾರೀಖು. ಹೊರಗಿನ ನಾಮಫಲಕಕ್ಕೆ ಹೊಸ ಬಣ್ಣ ಬಳಿದಿತ್ತು. ತಂದೆಯ ಹೆಸರಿನ ಕೆಳಗೆ 29ರಿಂದ ಮೊದಲಾಗುವ ಅವರದೇ ಸಂಖ್ಯೆ, ಬೀದಿಯಿಂದಲೇ ಓದುವಷ್ಟು ದೊಡ್ಡದಾಗಿ.