ಸುಗಂಧ ತೈಲ: ಮನಸ್ಸಿಗೆ ಮುದ, ಬಳಕೆಗೆ ಮಿತಿ

ಸುಗಂಧವಿಲ್ಲದ ಮುಸ್ಲಿಮ್ ಮನೆಯನ್ನು ಊಹಿಸುವುದು ಕಷ್ಟ. ಜುಮಾ ದಿನ ಮಸೀದಿಗೆ ಹೊರಡುವವರ ಅಂಗಿಗೆ ಅತ್ತರಿನ ಒಂದು ಗೆರೆ, ಈದ್‌ನ ಬೆಳಗ್ಗೆ ಮಕ್ಕಳ ಹೊಸ ಬಟ್ಟೆಗೆ ಒಂದಿಷ್ಟು, ಮದುವೆ ಮನೆಯ ಬಾಗಿಲಲ್ಲಿ ಪನ್ನೀರು, ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಊದ್. ಶೀತವಾದರೆ ನೀಲಗಿರಿ ಎಣ್ಣೆ, ಹಲ್ಲುನೋವಿಗೆ ಲವಂಗದ ಎಣ್ಣೆ, ಬಾಣಂತಿಯ ಕೋಣೆಗೆ ಲೋಬಾನದ ಹೊಗೆ. ಇವೆಲ್ಲ ಅಜ್ಜಿಯರ ಕಾಲದಿಂದ ನಮ್ಮ ಜೊತೆಗಿರುವ ವಸ್ತುಗಳು. ಈಗ ಇವುಗಳ ಸಾಲಿಗೆ ಲ್ಯಾವೆಂಡರ್, ಟೀ ಟ್ರೀ, ಲೆಮನ್ ಗ್ರಾಸ್ ಎಂಬ ಹೆಸರಿನ ಪುಟ್ಟ ಬಾಟಲಿಗಳೂ ಸೇರಿಕೊಂಡಿವೆ. 'ಅರೋಮಾಥೆರಪಿ' ಎಂಬ ಹೆಸರಿನಲ್ಲಿ ನಿದ್ರಾಹೀನತೆಯಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಎಲ್ಲಕ್ಕೂ ಇವೇ ಪರಿಹಾರ ಎಂದು ಮೊಬೈಲ್‌ನಲ್ಲಿ ಸಂದೇಶಗಳು ಹರಿದಾಡುತ್ತವೆ.

ಇವುಗಳಲ್ಲಿ ನಿಜವೆಷ್ಟು? ಇವು ನಮಗೆ ಎಷ್ಟರ ಮಟ್ಟಿಗೆ ಉಪಯುಕ್ತ? ಎಲ್ಲಿ ಅಪಾಯಕಾರಿ? ಗೃಹಿಣಿಯರಾದ ನೀವು ಇದನ್ನು ತಿಳಿದಿರಲೇಬೇಕು. ಏಕೆಂದರೆ ಈ ಬಾಟಲಿಗಳು ಇರುವುದು ನಿಮ್ಮ ಕಪಾಟಿನಲ್ಲಿ, ನಿಮ್ಮ ಮಕ್ಕಳ ಕೈಗೆಟಕುವಷ್ಟು ದೂರದಲ್ಲಿ.

ಸುಗಂಧಕ್ಕೆ ನಮ್ಮಲ್ಲಿರುವ ಸ್ಥಾನ

ಸುಗಂಧವು ಪ್ರವಾದಿ ಮುಹಮ್ಮದ್(ಸ)ರಿಗೆ ಬಹಳ ಪ್ರಿಯವಾಗಿತ್ತು. ಯಾರಾದರೂ ಸುಗಂಧ ಕೊಟ್ಟರೆ ಬೇಡವೆನ್ನಬಾರದು, ಅದು ಹೊರಲು ಹಗುರ, ಪರಿಮಳದಲ್ಲಿ ಹಿತ ಎಂಬ ಅರ್ಥದ ಹದೀಸ್ ನಿಮಗೆ ತಿಳಿದಿರಬಹುದು. ಪವಿತ್ರ ಕುರ್‌ಆನ್‌ನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ಬಗ್ಗೆ ಹೇಳುವಾಗ ಕರ್ಪೂರ ಮತ್ತು ಶುಂಠಿಯ ಪ್ರಸ್ತಾಪವಿದೆ. 55ನೇ ಅಧ್ಯಾಯದಲ್ಲಿ ಪರಿಮಳಭರಿತ ಸಸ್ಯಗಳನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸಲಾಗಿದೆ.

ಸುಗಂಧ ತಯಾರಿಕೆಯ ವಿಜ್ಞಾನದಲ್ಲೂ ಮುಸ್ಲಿಮರ ಪಾಲು ದೊಡ್ಡದು. 9ನೇ ಶತಮಾನದಲ್ಲಿ ಬಗ್ದಾದ್‌ನಲ್ಲಿದ್ದ ವಿದ್ವಾಂಸ ಅಲ್ ಕಿಂದಿ ಸುಗಂಧಗಳ ರಸಾಯನ ಮತ್ತು ಬಟ್ಟಿ ಇಳಿಸುವಿಕೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದಾರೆ. ಅದರಲ್ಲಿ ನೂರಕ್ಕೂ ಹೆಚ್ಚು ವಿಧಾನಗಳಿವೆ. ಇಂದಿಗೂ ಉತ್ತರ ಪ್ರದೇಶದ ಕನೌಜ್‌ನಲ್ಲಿ ತಾಮ್ರದ ಹಂಡೆಗಳಲ್ಲಿ ಹೂಗಳನ್ನು ನೀರಿನೊಂದಿಗೆ ಕಾಯಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಇನ್ನೊಂದು ಪಾತ್ರೆಗೆ ಹಾಯಿಸಿ, ಅಲ್ಲಿರುವ ಗಂಧದ ಎಣ್ಣೆಯಲ್ಲಿ ಪರಿಮಳವನ್ನು ಸೆರೆಹಿಡಿಯುವ ಹಳೆಯ ಪದ್ಧತಿ ಉಳಿದಿದೆ. ನಮ್ಮ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾದುದು 1916ರಲ್ಲಿ. 'ಅರೋಮಾಥೆರಪಿ' ಎಂಬ ಪದವಾದರೋ ಬಹಳ ಈಚಿನದು. ಫ್ರಾನ್ಸ್‌ನ ರಸಾಯನ ತಜ್ಞ ಗಟ್‌ಫೊಸೆ 1937ರಲ್ಲಿ ತನ್ನ ಪುಸ್ತಕಕ್ಕೆ ಆ ಹೆಸರನ್ನಿಟ್ಟ ನಂತರ ಅದು ಪ್ರಚಾರಕ್ಕೆ ಬಂತು.

ಒಂದು ಹನಿಯಲ್ಲಿ ಎಷ್ಟು ಹೂಗಳು?

ತಲೆಗೆ ಹಚ್ಚುವ ತೆಂಗಿನೆಣ್ಣೆಗೂ ಈ ಸುಗಂಧ ತೈಲಗಳಿಗೂ ಹೆಸರಿನಲ್ಲಿ ಮಾತ್ರ ಹೋಲಿಕೆ. ತೆಂಗಿನೆಣ್ಣೆ ಗಾಣದಲ್ಲಿ ಹಿಂಡಿ ತೆಗೆಯುವ ಜಿಡ್ಡು. ಸುಗಂಧ ತೈಲಗಳಲ್ಲಿ ಹೆಚ್ಚಿನವು ಹೂ, ಎಲೆ, ತೊಗಟೆ, ಬೇರುಗಳಿಂದ ಆವಿಯ ಮೂಲಕ ಬೇರ್ಪಡಿಸಿದ, ಗಾಳಿಗೆ ಹಾರಿಹೋಗುವ ರಾಸಾಯನಿಕಗಳ ಗಟ್ಟಿ ಸಾರ. ಒಂದು ಕಿಲೋ ಗುಲಾಬಿ ತೈಲ ಸಿಗಬೇಕಾದರೆ ಸುಮಾರು 3ರಿಂದ 5 ಸಾವಿರ ಕಿಲೋ ಗುಲಾಬಿ ಬೇಕು. ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಎರಡು ವಿಷಯಗಳು ತಾನಾಗಿಯೇ ಅರ್ಥವಾಗುತ್ತವೆ.

ಒಂದು, ನೂರು ರೂಪಾಯಿಗೆ ಸಿಗುವ 'ಶುದ್ಧ ಗುಲಾಬಿ ತೈಲ' ಶುದ್ಧವಾಗಿರಲು ಸಾಧ್ಯವಿಲ್ಲ. ಅದು ಕಾರ್ಖಾನೆಯಲ್ಲಿ ತಯಾರಾದ ಕೃತಕ ಪರಿಮಳ. ಬಟ್ಟೆಗೆ ಹಾಕಲು ಅಡ್ಡಿಯಿಲ್ಲ, ಅದನ್ನು ಔಷಧಿಯೆಂದು ನಂಬಬೇಡಿ.

ಎರಡು, ಒಂದು ಹನಿಯೇ ಇಷ್ಟು ಗಟ್ಟಿಯಾಗಿದ್ದರೆ ಒಂದು ಚಮಚ ಎಷ್ಟು ತೀಕ್ಷ್ಣವಾಗಿರಬೇಡ! ಪುದೀನ ಸೊಪ್ಪಿನ ಚಟ್ನಿ ತಿನ್ನಬಹುದು ಎಂದ ಮಾತ್ರಕ್ಕೆ ಪುದೀನ ತೈಲ ಕುಡಿಯಬಹುದು ಎಂದಾಗುವುದಿಲ್ಲ. 'ನೈಸರ್ಗಿಕ' ಎಂಬ ಪದಕ್ಕೆ 'ನಿರಪಾಯಕಾರಿ' ಎಂಬ ಅರ್ಥವಿಲ್ಲ. ಹಾವಿನ ವಿಷವೂ ನೈಸರ್ಗಿಕವೇ.

ಪರಿಮಳ ಏನು ಮಾಡಬಲ್ಲದು?

ಮೂಗಿನಿಂದ ಹೋಗುವ ವಾಸನೆಯ ಸಂದೇಶವು ಮೆದುಳಿನಲ್ಲಿ ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಕ್ಕೆ ಬಹಳ ಹತ್ತಿರದ ದಾರಿಯಿಂದ ತಲುಪುತ್ತದೆ. ತೀರಿಹೋದ ಅಜ್ಜಿಯ ಪೆಟ್ಟಿಗೆ ತೆರೆದಾಗ ಬರುವ ವಾಸನೆಗೆ ಕಣ್ಣು ತೇವವಾಗುವುದು ಇದೇ ಕಾರಣದಿಂದ. ಆದ್ದರಿಂದ ಹಿತವಾದ ಪರಿಮಳ ಮನಸ್ಸನ್ನು ಹಗುರಗೊಳಿಸುತ್ತದೆ ಎಂಬುದರಲ್ಲಿ ಸುಳ್ಳಿಲ್ಲ. ಲ್ಯಾವೆಂಡರ್ ಪರಿಮಳದಿಂದ ಕೆಲವರ ಆತಂಕ ಸ್ವಲ್ಪ ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಹಲ್ಲಿನ ನೋವನ್ನು ಮರಗಟ್ಟಿಸುತ್ತದೆ. ದಂತ ವೈದ್ಯರೂ ಅದನ್ನು ಬಳಸುತ್ತಾರೆ. ಪುದೀನ ತೈಲದ ಮೆಂಥಾಲ್ ಹಣೆಗೆ ತಂಪು ನೀಡಿ ತಲೆನೋವನ್ನು ತುಸು ಮರೆಸುತ್ತದೆ.

ಆದರೆ ಇವುಗಳ ಕೆಲಸ ಅಷ್ಟಕ್ಕೇ ನಿಲ್ಲುತ್ತದೆ. ಲವಂಗದ ಎಣ್ಣೆ ನೋವನ್ನು ಮರೆಸುತ್ತದೆಯೇ ಹೊರತು ಹಲ್ಲಿನ ಹುಳುಕನ್ನು ತುಂಬುವುದಿಲ್ಲ. ಪರಿಮಳವು ದಣಿದ ಮನಸ್ಸಿಗೆ ವಿಶ್ರಾಂತಿ ನೀಡಬಹುದು. ಹೆರಿಗೆಯಾದ ಬಳಿಕ ವಾರಗಟ್ಟಲೆ ಅಳುತ್ತಾ ಮಗುವನ್ನೂ ಎತ್ತಿಕೊಳ್ಳಲಾಗದ ಸ್ಥಿತಿಯಲ್ಲಿರುವ ಸಹೋದರಿಗೆ ಅದು ಸಾಕಾಗದು, ಆಕೆಗೆ ವೈದ್ಯರ ನೆರವು ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಕ್ಯಾನ್ಸರ್ ಇವುಗಳನ್ನು ಯಾವ ತೈಲವೂ ಗುಣಪಡಿಸುವುದಿಲ್ಲ. ಹಾಗೆಂದು ಹೇಳಿ ಮಾರುವವರನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ನೀಲಗಿರಿ ಮತ್ತು ಕರ್ಪೂರ: ಮನೆಯೊಳಗಿನ ಅಪಾಯ

ಭಾರತದಲ್ಲಿ ನೀಲಗಿರಿ ಮರವನ್ನು ಮೊದಲಿಗೆ ನೆಡಿಸಿದವರು ಟಿಪ್ಪು ಸುಲ್ತಾನ್, ಅದು 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ಎಂದು ಅರಣ್ಯಶಾಸ್ತ್ರದ ಬರಹಗಳು ಹೇಳುತ್ತವೆ. ಆನಂತರ 19ನೇ ಶತಮಾನದಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಅದನ್ನು ವ್ಯಾಪಕವಾಗಿ ಬೆಳೆಸಿದ್ದರಿಂದ ಆ ಹೆಸರೇ ನಿಂತಿತು. ಇಂದು ಈ ಎಣ್ಣೆ ಇಲ್ಲದ ಮನೆ ಇಲ್ಲ. ಊಟಿಗೆ ಪ್ರವಾಸ ಹೋದವರು ತರುವುದೇ ಅದನ್ನು. ಹಾಗೆಂದೇ ಅದರ ಬಗ್ಗೆ ನಮಗೆ ಭಯವಿಲ್ಲ.

ಆದರೆ ಒಂದು ಚಮಚದಷ್ಟು, ಅಂದರೆ 5 ಮಿಲಿ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ. ಕೆಲವೊಮ್ಮೆ ಇದಕ್ಕಿಂತ ಕಡಿಮೆ ಪ್ರಮಾಣವೂ ಸಾಕು. ಮಗು ಮಂಪರಾಗುತ್ತದೆ, ಉಸಿರಾಟ ಕುಂದುತ್ತದೆ, ಫಿಟ್ಸ್ ಬರಬಹುದು. ಕರ್ಪೂರವಂತೂ ಇನ್ನೂ ಅಪಾಯಕಾರಿ. ಒಂದು ಗ್ರಾಂನಷ್ಟು ಕರ್ಪೂರ ನುಂಗಿ ಮಕ್ಕಳು ಸತ್ತ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಶೀತವಾದ ಕೂಸಿನ ಕೊರಳಿಗೆ ಕರ್ಪೂರದ ಗಂಟು ಕಟ್ಟುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಕೂಸಿಗೆ ಆ ಗಂಟನ್ನು ಚೀಪಲು ಎಷ್ಟು ಹೊತ್ತು ಬೇಕು?

ನುಂಗಿದರೆ ಮಾತ್ರ ಅಪಾಯ ಎಂದೂ ತಿಳಿಯಬೇಡಿ. ನೀಲಗಿರಿ ಎಣ್ಣೆಯ ಆವಿಯನ್ನು ಉಸಿರಾಡಿದ ನಂತರ ಫಿಟ್ಸ್ ಬಂದ ರೋಗಿಗಳ ಬಗ್ಗೆ ಬೆಂಗಳೂರಿನ ನರರೋಗ ತಜ್ಞರು 2017ರಲ್ಲಿ ವರದಿ ಪ್ರಕಟಿಸಿದರು. ಬಳಿಕ ದಕ್ಷಿಣ ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಹೊರಬಂತು. ನೀಲಗಿರಿ ಮತ್ತು ಕರ್ಪೂರವಿರುವ ಎಣ್ಣೆ, ನೋವಿನ ಮುಲಾಮುಗಳ ಬಳಕೆಯಿಂದ ಫಿಟ್ಸ್ ಬಂದವರನ್ನು ಅಲ್ಲಿ ಗುರುತಿಸಲಾಗಿತ್ತು. ಅವರಲ್ಲಿ ಮೊದಲೇ ಮೂರ್ಛೆರೋಗ ಇದ್ದವರೂ ಇದ್ದರು, ಅಂತಹ ಯಾವ ತೊಂದರೆಯೂ ಇಲ್ಲದವರೂ ಇದ್ದರು.

ಸಹೋದರಿಯರೇ, ಇದನ್ನು ಸ್ವಲ್ಪ ಯೋಚಿಸಿ ನೋಡಿ. ಶೀತವಾಗಿದ್ದ ಯುವತಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ ನಮ್ಮ ಸಮಾಜದಲ್ಲಿ ಮೊದಲು ಏಳುವ ಮಾತು ಯಾವುದು? ಜಿನ್ನ್ ಬಾಧೆ, ಮಾಟ, ದೃಷ್ಟಿ. ಮದುವೆಯಾಗದ ಹುಡುಗಿಯಾದರೆ ವಿಷಯ ಮುಚ್ಚಿಡುತ್ತಾರೆ. ಮದುವೆಯಾದವಳಾದರೆ ತವರಿಗೆ ಕಳುಹಿಸುವ ಮಾತು ಬರುತ್ತದೆ. ಆದರೆ ಹಿಂದಿನ ರಾತ್ರಿ ಆಕೆ ಆವಿ ಹಿಡಿದ ಪಾತ್ರೆಯಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಎಣ್ಣೆಯಿಂದ ಬಂದ ಫಿಟ್ಸ್ ಆಗಿದ್ದರೆ ಎಣ್ಣೆ ನಿಲ್ಲಿಸಿದಾಗ ಅದೂ ನಿಲ್ಲುವ ಸಾಧ್ಯತೆಯಿದೆ. ಇದನ್ನು ತಿಳಿಯದ ಕಾರಣಕ್ಕೆ ಒಂದು ಹೆಣ್ಣಿನ ಬದುಕಿಗೆ ಕಳಂಕ ಅಂಟಿಕೊಳ್ಳಬಾರದು. ವೈದ್ಯರ ಬಳಿ ಹೋದಾಗ ಹಚ್ಚಿದ ಎಣ್ಣೆ, ಮುಲಾಮು, ಹಿಡಿದ ಆವಿ ಎಲ್ಲವನ್ನೂ ಮರೆಯದೆ ಹೇಳಿ. ಫಿಟ್ಸ್ ಬಂದಾಗ ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. 5 ನಿಮಿಷಕ್ಕಿಂತ ಹೆಚ್ಚು ಮುಂದುವರಿದರೆ ಅಥವಾ ಅದು ಮೊದಲ ಸಲವಾದರೆ ತಕ್ಷಣ ಆಸ್ಪತ್ರೆಗೆ ಕೊಂಡೊಯ್ಯಿರಿ.

ಹೊಗೆ ಮತ್ತು ಬಾಣಂತಿ ಕೋಣೆ

ಕೂಸನ್ನು ಮೀಯಿಸಿದ ಮೇಲೆ ಲೋಬಾನದ ಹೊಗೆ ಹಿಡಿಯುವುದು, ಬಾಣಂತಿಯ ಕೂದಲನ್ನು ಹೊಗೆಯಲ್ಲಿ ಒಣಗಿಸುವುದು ನಮ್ಮ ಹಿರಿಯರ ರೂಢಿ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಕೆಂಡದಿಂದ ಏಳುವ ಹೊಗೆ ಯಾವುದಾದರೂ ಹೊಗೆಯೇ. ಅದರಲ್ಲಿ ಸೂಕ್ಷ್ಮ ಕಣಗಳಿವೆ, ಕಾರ್ಬನ್ ಮೊನಾಕ್ಸೈಡ್ ಇದೆ. ನವಜಾತ ಶಿಶುವಿನ ಎಳೆಯ ಶ್ವಾಸಕೋಶ ಅದನ್ನು ತಾಳದು. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ತಾಯಿಗೂ ಒಳ್ಳೆಯದಲ್ಲ. ಅತ್ತೆಯವರೋ ತಾಯಿಯೋ ಒತ್ತಾಯಿಸಿದರೆ ಜಗಳ ಬೇಡ. ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಟ್ಟು ಹೊಗೆ ಹಾಕಲು ವಿನಯದಿಂದ ಕೇಳಿಕೊಳ್ಳಿ. ಹೊಗೆ ಪೂರ್ತಿ ಹೋದ ಮೇಲೆ ಕೂಸನ್ನು ತಂದರಾಯಿತು. ಕೋಣೆಯ ಪರಿಮಳವೂ ಉಳಿಯಿತು, ಹಿರಿಯರ ಮನಸ್ಸೂ ಉಳಿಯಿತು.

ಗಲ್ಫ್‌ನಿಂದ ಬರುವ ಬುಖೂರ್‌ಗೂ ಇದೇ ಮಾತು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅತಿಥಿಗಳ ಮೇಲಿನ ಪ್ರೀತಿಗಾಗಿ ಅವರ ಉಸಿರನ್ನು ಕಟ್ಟಿಸಬೇಡಿ. ಅಂತಹವರ ಮನೆಯಲ್ಲಿ ಬಟ್ಟೆಗೆ ಒಂದು ಗೆರೆ ಅತ್ತರ್ ಹಚ್ಚಿದರೂ ಕೆಲವೊಮ್ಮೆ ಹೆಚ್ಚೇ. ಅವರನ್ನೇ ಕೇಳಿ ತಿಳಿಯಿರಿ.

ಹಾಗಾದರೆ ಬಳಸುವುದು ಹೇಗೆ?

* ಚರ್ಮಕ್ಕೆ ತೈಲವನ್ನು ನೇರವಾಗಿ ಹಚ್ಚಬೇಡಿ. ಒಂದು ದೊಡ್ಡ ಚಮಚ (15 ಮಿಲಿ) ತೆಂಗಿನೆಣ್ಣೆ ಅಥವಾ ಎಳ್ಳೆಣ್ಣೆಗೆ 3 ಹನಿ ಸಾಕು. ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ತುರಿಕೆ, ಕೆಂಪು ಕಂಡರೆ ಆ ತೈಲ ನಿಮಗಲ್ಲ.

* ನಿಂಬೆ ಜಾತಿಯ ಸಿಪ್ಪೆಯಿಂದ ಹಿಂಡಿ ತೆಗೆದ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಚರ್ಮ ಸುಟ್ಟಂತೆ ಕಪ್ಪಾಗಬಹುದು.

* ಕೋಣೆಗೆ ಪರಿಮಳ ಬೇಕಾದರೆ ಹತ್ತಿಯ ಉಂಡೆಗೆ 2 ಹನಿ ಹಾಕಿ ಕಪಾಟಿನ ಮೇಲಿಡಿ. ಡಿಫ್ಯೂಸರ್ ಇದ್ದರೆ ಅರ್ಧ ಗಂಟೆ ಸಾಕು. ಕಿಟಕಿ ತೆರೆದಿರಲಿ.

* ಶೀತಕ್ಕೆ ಆವಿ ಹಿಡಿಯುವುದಾದರೆ ಬರೀ ನೀರಿನ ಆವಿ ಸಾಕು, ಎಣ್ಣೆ ಬೇಡ. ಮಕ್ಕಳಿಗಂತೂ ಕುದಿಯುವ ನೀರಿನ ಪಾತ್ರೆಯ ಮುಂದೆ ಆವಿ ಹಿಡಿಸಲೇಬೇಡಿ. ಅದು ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಎಷ್ಟೋ.

* 2 ವರ್ಷಕ್ಕಿಂತ ಚಿಕ್ಕ ಮಕ್ಕಳ ಮೂಗು, ಎದೆಗೆ ಕರ್ಪೂರ, ಮೆಂಥಾಲ್, ನೀಲಗಿರಿ ಇರುವ ಯಾವ ಮುಲಾಮನ್ನೂ ಹಚ್ಚಬೇಡಿ.

* ಗರ್ಭಿಣಿಯರು, ಹಾಲೂಡಿಸುವವರು, ಮೂರ್ಛೆರೋಗ ಅಥವಾ ಅಸ್ತಮಾ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

* ಯಾವ ತೈಲವನ್ನೂ ಕುಡಿಯಬೇಡಿ. ಕೆಮ್ಮಿನ ಔಷಧಿಯ ಬಾಟಲಿಯ ಪಕ್ಕದಲ್ಲಿ ಇಡಲೂ ಬೇಡಿ. ರಾತ್ರಿ ದೀಪವಾರಿದಾಗ ಬಾಟಲಿ ಬದಲಾಗಲು ಕ್ಷಣ ಸಾಕು.

* ಮಗು ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ. ಮಗು ಆಡುತ್ತಿದೆಯಲ್ಲ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಆ ಬಾಟಲಿಯನ್ನೂ ಜೊತೆಗೊಯ್ಯಿರಿ. ಅದರ ಮೇಲಿನ ಹೆಸರು ವೈದ್ಯರಿಗೆ ದಾರಿ ತೋರಿಸುತ್ತದೆ.

ಮಿತಿಯಲ್ಲಿದೆ ಸೊಗಸು

ಮನೆಗೆ ಪರಿಮಳ ಬರುವುದು ಬಾಟಲಿಯಿಂದ ಮಾತ್ರವಲ್ಲ. ಒಗೆದು ಬಿಸಿಲಿಗೆ ಒಣಗಿಸಿದ ಹೊದಿಕೆ, ಬೆಳಗ್ಗೆ ತೆರೆದಿಟ್ಟ ಕಿಟಕಿ, ಒಣಗಿದ ಸ್ನಾನಗೃಹ, ಕೊಳೆಯದೆ ಹೊರಗೆ ಹೋದ ಕಸ ಇವೇ ಮೊದಲ ಸುಗಂಧ. ಶುಚಿತ್ವವಿಲ್ಲದ ಮನೆಯಲ್ಲಿ ಊದ್ ಹೊಗೆ ಹಾಕಿದರೆ ದುರ್ವಾಸನೆಗೆ ಮುಸುಕು ಹಾಕಿದಂತಾಗುತ್ತದೆ ಅಷ್ಟೆ. ಮೊದಲು ಶುಚಿ, ಆಮೇಲೆ ಸುಗಂಧ. ಜುಮಾ ದಿನ ಮೊದಲು ಸ್ನಾನ, ನಂತರ ಪರಿಮಳ ಎಂದು ಕಲಿಸಿದ್ದರಲ್ಲೇ ಈ ಪಾಠವಿದೆ.

ಇಂದೇ ಒಂದು ಕೆಲಸ ಮಾಡಿ. ಕಪಾಟು, ಕಿಟಕಿಯ ದಂಡೆ, ಹಾಸಿಗೆಯ ತಲೆದೆಸೆ ಎಲ್ಲೆಲ್ಲಿ ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಎಣ್ಣೆ, ಅತ್ತರಿನ ಬಾಟಲಿಗಳಿವೆಯೋ ಎಲ್ಲವನ್ನೂ ಒಟ್ಟುಗೂಡಿಸಿ. ಹೆಸರು ಅಳಿಸಿಹೋದುದನ್ನು, ಹಳತಾದುದನ್ನು ಎಸೆಯಿರಿ. ಉಳಿದವನ್ನು ಮಕ್ಕಳ ಕೈಗೆಟಕದ ಎತ್ತರದಲ್ಲಿ ಬೀಗ ಹಾಕಿ ಇಡಿ. ಹತ್ತು ನಿಮಿಷದ ಈ ಕೆಲಸ ಒಂದು ಮಗುವಿನ ಪ್ರಾಣ ಉಳಿಸಬಹುದು. ಸುಗಂಧ ಅಲ್ಲಾಹನ ಅನುಗ್ರಹ. ಅದನ್ನು ಒಂದೆರಡು ಹನಿಯಲ್ಲಿ ಅನುಭವಿಸೋಣ, ಅನುಗ್ರಹವನ್ನು ಆಪತ್ತಾಗಿ ಮಾಡಿಕೊಳ್ಳದಿರೋಣ.