ಬಹು-ಸಹಿ ವ್ಯಾಲೆಟ್

ಬಹು-ಸಹಿ ವ್ಯಾಲೆಟ್ ಅಥವಾ ಮಲ್ಟಿಸಿಗ್ ವ್ಯಾಲೆಟ್ ಎಂಬುದು ನಿಗದಿತ ಸಂಖ್ಯೆಯ ಖಾಸಗಿ ಕೀಲಿಗಳ ಸಹಿ ದೊರೆತಾಗ ಮಾತ್ರ ಹಣವನ್ನು ಕಳುಹಿಸಲು ಅವಕಾಶವಿರುವ ಕ್ರಿಪ್ಟೋಕರೆನ್ಸಿ ವ್ಯಾಲೆಟ್. ಸಾಮಾನ್ಯ ವ್ಯಾಲೆಟ್ಟಿನಲ್ಲಿ ಹಣದ ಮೇಲಿನ ಅಧಿಕಾರವು ಒಂದೇ ಖಾಸಗಿ ಕೀಲಿಯಲ್ಲಿ ಅಡಗಿರುತ್ತದೆ. ಆ ಕೀಲಿ ಕಳೆದುಹೋದರೆ ಹಣ ಶಾಶ್ವತವಾಗಿ ಕೈತಪ್ಪುತ್ತದೆ. ಕಳುವಾದರೆ ಕಳ್ಳನ ಪಾಲಾಗುತ್ತದೆ. ಈ ಎರಡೂ ಅಪಾಯಗಳನ್ನು ತಗ್ಗಿಸುವುದು ಬಹು-ಸಹಿ ವ್ಯವಸ್ಥೆಯ ಉದ್ದೇಶ. ಈ ಲೇಖನವು ಮುಖ್ಯವಾಗಿ ಬಿಟ್‌ಕಾಯಿನ್ ಜಾಲದಲ್ಲಿನ ಬಹು-ಸಹಿ ವ್ಯಾಲೆಟ್ ಹಾಗೂ ಅದನ್ನು ಹೊಸಬರು ಸ್ಥಾಪಿಸುವ ಕ್ರಮವನ್ನು ವಿವರಿಸುತ್ತದೆ.

ಪರಿಕಲ್ಪನೆ

ಹಲವರ ಒಪ್ಪಿಗೆಯಿಂದ ಹಣವನ್ನು ಕಾಯುವ ಕ್ರಮ ಹೊಸದೇನಲ್ಲ. ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕನ ಕೀಲಿಯೂ ಬ್ಯಾಂಕಿನ ಕೀಲಿಯೂ ಬೇಕು. ಸಂಘ ಸಂಸ್ಥೆಗಳ ಚೆಕ್ಕಿಗೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಸಹಿ ಹಾಕುವ ಪದ್ಧತಿ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಜಂಟಿ ಖಾತೆಯನ್ನು ನಿರ್ವಹಿಸುವುದೂ ಇದೇ ತತ್ತ್ವದ ಮೇಲೆ. ಆದರೆ ಇಲ್ಲೆಲ್ಲ ನಿಯಮವನ್ನು ಜಾರಿಗೊಳಿಸುವುದು ಬ್ಯಾಂಕು. ಸಹಿದಾರರಲ್ಲೊಬ್ಬರು ತೀರಿಕೊಂಡರೆ ದಾಖಲೆ ಪರಿಶೀಲಿಸಿ ಹೊಸ ಸಹಿಯನ್ನು ಒಪ್ಪಿಕೊಳ್ಳುವುದೂ ಬ್ಯಾಂಕೇ. ಬಹು-ಸಹಿ ವ್ಯಾಲೆಟ್ಟಿನಲ್ಲಿ ನಿಯಮವನ್ನು ಜಾರಿಗೊಳಿಸುವುದು ಬಿಟ್‌ಕಾಯಿನ್ ಜಾಲದ ಗಣಕಗಳು. ಅಲ್ಲಿ ಅರ್ಜಿ ಸಲ್ಲಿಸಲು ಕಚೇರಿಯಿಲ್ಲ, ವಿನಾಯಿತಿ ನೀಡಲು ಅಧಿಕಾರಿಯಿಲ್ಲ. ಆದ್ದರಿಂದ ಮುನ್ನೆಚ್ಚರಿಕೆಯೆಲ್ಲವೂ ಹಣವನ್ನು ಹಾಕುವ ಮೊದಲೇ ಆಗಬೇಕು.

ಕಾರ್ಯವಿಧಾನ

ಪ್ರತಿಯೊಂದು ಖಾಸಗಿ ಕೀಲಿಗೂ ಅದರಿಂದ ಗಣಿತದ ಮೂಲಕ ಪಡೆದ ಒಂದು ಸಾರ್ವಜನಿಕ ಕೀಲಿ ಇರುತ್ತದೆ. ಖಾಸಗಿ ಕೀಲಿಯಿಂದ ಸಹಿ ಮಾಡಬಹುದು. ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರಿಶೀಲಿಸಬಹುದು. ಬಹು-ಸಹಿ ವ್ಯಾಲೆಟ್ಟಿನಲ್ಲಿ ಎಲ್ಲ ಸಹಿದಾರರ ಸಾರ್ವಜನಿಕ ಕೀಲಿಗಳನ್ನೂ ಬೇಕಾದ ಸಹಿಗಳ ಸಂಖ್ಯೆಯನ್ನೂ ಸೇರಿಸಿ ಒಂದು ಷರತ್ತನ್ನು ಬರೆಯಲಾಗುತ್ತದೆ. ಈ ಷರತ್ತಿನ ಸಂಕ್ಷಿಪ್ತ ರೂಪವೇ ಹಣವನ್ನು ಸ್ವೀಕರಿಸುವ ವಿಳಾಸವಾಗುತ್ತದೆ. ಹಣವನ್ನು ಖರ್ಚು ಮಾಡುವಾಗ ಮೂಲ ಷರತ್ತನ್ನೂ ಅಗತ್ಯ ಸಂಖ್ಯೆಯ ಸಹಿಗಳನ್ನೂ ಜಾಲಕ್ಕೆ ಒಪ್ಪಿಸಬೇಕು.

ಮೂರು ಕೀಲಿಗಳ ಪೈಕಿ ಯಾವುದಾದರೂ ಎರಡು ಸಾಕು ಎಂಬ ವ್ಯವಸ್ಥೆಯನ್ನು ‘3ರಲ್ಲಿ 2’ ಎನ್ನುತ್ತಾರೆ. ಪ್ರಚಲಿತವಿರುವ ಕೆಲವು ವಿನ್ಯಾಸಗಳು ಹೀಗಿವೆ:

- 2ರಲ್ಲಿ 2: ಇಬ್ಬರೂ ಒಪ್ಪಲೇಬೇಕು. ಒಂದು ಕೀಲಿ ಕಳುವಾದರೂ ಹಣ ಸುರಕ್ಷಿತ. ಆದರೆ ಒಂದು ಕಳೆದುಹೋದರೆ ಹಣವೂ ಹೋದಂತೆ.
- 3ರಲ್ಲಿ 2: ಒಂದು ಕೀಲಿ ಕಳೆದರೂ ಹಣ ಉಳಿಯುತ್ತದೆ, ಒಂದು ಕೀಲಿ ಕಳ್ಳನ ಕೈಸೇರಿದರೂ ಹಣ ಹೋಗುವುದಿಲ್ಲ. ವ್ಯಕ್ತಿಗಳಿಗೂ ಕುಟುಂಬಗಳಿಗೂ ಸಾಮಾನ್ಯವಾಗಿ ಸೂಚಿಸಲಾಗುವ ವಿನ್ಯಾಸ ಇದು.
- 5ರಲ್ಲಿ 3: ಎರಡು ಕೀಲಿಗಳ ನಾಶವನ್ನೂ ಎರಡು ಕೀಲಿಗಳ ಕಳವನ್ನೂ ತಾಳಿಕೊಳ್ಳುತ್ತದೆ. ಸಂಸ್ಥೆಗಳಿಗೆ ಹೊಂದುತ್ತದೆ, ನಿರ್ವಹಣೆಯ ಹೊರೆ ಹೆಚ್ಚು.

ಕೀಲಿಗಳ ಸಂಖ್ಯೆ ಹೆಚ್ಚಿದಷ್ಟೂ ಭದ್ರತೆ ಹೆಚ್ಚುತ್ತದೆಂದು ಭಾವಿಸುವುದು ಸರಿಯಲ್ಲ. ಕಾಪಾಡಬೇಕಾದ ವಸ್ತುಗಳು ಹೆಚ್ಚಿದಂತೆ ಮರೆವಿಗೂ ಗೊಂದಲಕ್ಕೂ ಅವಕಾಶ ಹೆಚ್ಚುತ್ತದೆ.

ಬಹು-ಸಹಿಯನ್ನು ‘ರಹಸ್ಯ ಹಂಚಿಕೆ’ ಎಂಬ ಇನ್ನೊಂದು ವಿಧಾನದೊಡನೆ ಬೆರೆಸಬಾರದು. ಆದಿ ಶಮೀರ್ ಅವರು 1979ರಲ್ಲಿ ಪ್ರಕಟಿಸಿದ ಆ ವಿಧಾನದಲ್ಲಿ ಒಂದೇ ಕೀಲಿಯನ್ನು ಹಲವು ಭಾಗಗಳಾಗಿ ಹಂಚಿ, ಬಳಸುವಾಗ ಒಂದೆಡೆ ಕೂಡಿಸಲಾಗುತ್ತದೆ. ಕೂಡಿಸಿದ ಕ್ಷಣದಲ್ಲಿ ಆ ಸ್ಥಳದ ಗಣಕವು ಪೂರ್ಣ ಕೀಲಿಯನ್ನು ಕಾಣುತ್ತದೆ. ಬಹು-ಸಹಿಯಲ್ಲಿ ಕೀಲಿಗಳು ಎಂದೂ ಒಂದೆಡೆ ಸೇರಬೇಕಾಗಿಲ್ಲ. ಸಹಿಗಳು ಮಾತ್ರ ಸೇರುತ್ತವೆ.

ಇತಿಹಾಸ

ಬಿಟ್‌ಕಾಯಿನ್ ಜಾಲವು 2009ರ ಜನವರಿಯಲ್ಲಿ ಆರಂಭವಾದಾಗಲೇ ಹಲವು ಸಹಿಗಳನ್ನು ಪರಿಶೀಲಿಸುವ ಆದೇಶವು ಅದರ ತಂತ್ರಾಂಶದಲ್ಲಿ ಇತ್ತು. ಆದರೆ ಅದರ ಬಳಕೆ ಸುಲಭವಾಗಿರಲಿಲ್ಲ. ಗೇವಿನ್ ಆಂಡ್ರೆಸನ್ ಮಂಡಿಸಿದ 16ನೆಯ ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾವವು 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ, ದೀರ್ಘವಾದ ಷರತ್ತನ್ನೂ ಒಂದು ಚಿಕ್ಕ ವಿಳಾಸವಾಗಿಸಲು ಸಾಧ್ಯವಾಯಿತು. 3 ಎಂಬ ಅಂಕೆಯಿಂದ ಆರಂಭವಾಗುವ ವಿಳಾಸಗಳು ಈ ಬಗೆಯವು. 2017ರ ಆಗಸ್ಟ್‌ನಲ್ಲಿ ಜಾರಿಯಾದ ಸೆಗ್ವಿಟ್ ಬದಲಾವಣೆಯು ಬಹು-ಸಹಿ ವಹಿವಾಟುಗಳ ಶುಲ್ಕವನ್ನು ತಗ್ಗಿಸಿತು. 2021ರ ನವೆಂಬರ್‌ನಲ್ಲಿ ಬಂದ ಟ್ಯಾಪ್‌ರೂಟ್ ಬದಲಾವಣೆಯು ಹಲವು ಸಹಿಗಳನ್ನು ಒಂದೇ ಸಹಿಯಂತೆ ಒಗ್ಗೂಡಿಸುವ ದಾರಿಯನ್ನು ತೆರೆಯಿತು.

ಒಂದೇ ಕೈಯಲ್ಲಿ ಕೀಲಿಯಿರುವುದರ ಅಪಾಯಕ್ಕೆ ಕೆನಡಾದ ಕ್ವಾಡ್ರಿಗಾ ವಿನಿಮಯ ಕೇಂದ್ರದ ಪ್ರಕರಣವನ್ನು ಉದಾಹರಿಸಲಾಗುತ್ತದೆ. ಅದರ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಜೈಪುರದಲ್ಲಿ ನಿಧನನಾದಾಗ, ಕೀಲಿಗಳು ಆತನೊಬ್ಬನ ಬಳಿಯಲ್ಲೇ ಇದ್ದವೆಂದು ಹೇಳಲಾಯಿತು. ಬಹುಪಾಲು ಹಣವನ್ನು ಆತನೇ ವಂಚನೆಯಿಂದ ಕಳೆದಿದ್ದನೆಂದು ಒಂಟಾರಿಯೊ ಷೇರು ನಿಯಂತ್ರಣ ಆಯೋಗವು 2020ರಲ್ಲಿ ವರದಿ ಮಾಡಿತು. ಮರೆವು, ಮರಣ, ವಂಚನೆ ಯಾವುದೇ ಕಾರಣವಿರಲಿ, ಮತ್ತೊಬ್ಬರ ಸಹಿ ಬೇಡವಾಗಿದ್ದುದೇ ಹಾನಿಗೆ ಎಡೆಮಾಡಿಕೊಟ್ಟಿತು.

ಸ್ಥಾಪನೆಯ ಹಂತಗಳು

ಕೆಳಗಿನ ಕ್ರಮವು ‘3ರಲ್ಲಿ 2’ ವಿನ್ಯಾಸಕ್ಕೆ ಸಂಬಂಧಿಸಿದೆ. ಸ್ಪ್ಯಾರೋ, ಎಲೆಕ್ಟ್ರಮ್, ನಂಚಕ್ ಮೊದಲಾದ ತಂತ್ರಾಂಶಗಳು ಬಹು-ಸಹಿ ವ್ಯಾಲೆಟ್ಟುಗಳನ್ನು ರಚಿಸಬಲ್ಲವು. ನಿಜವಾದ ಹಣವನ್ನು ಬಳಸುವ ಮೊದಲು, ಬೆಲೆಯಿಲ್ಲದ ನಾಣ್ಯಗಳಿರುವ ‘ಟೆಸ್ಟ್‌ನೆಟ್’ ಎಂಬ ಅಭ್ಯಾಸದ ಜಾಲದಲ್ಲಿ ಎಲ್ಲ ಹಂತಗಳನ್ನೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

1. ಸಹಿದಾರರನ್ನೂ ಸ್ಥಳಗಳನ್ನೂ ನಿರ್ಧರಿಸುವುದು. ಮೂರು ಕೀಲಿಗಳನ್ನೂ ಒಂದೇ ಮನೆಯ ಒಂದೇ ಬೀರುವಿನಲ್ಲಿಟ್ಟರೆ ಬಹು-ಸಹಿಯ ಪ್ರಯೋಜನವಿಲ್ಲ. ಒಂದು ಮನೆಯಲ್ಲಿ, ಒಂದು ಬ್ಯಾಂಕ್ ಲಾಕರಿನಲ್ಲಿ, ಮತ್ತೊಂದು ಬೇರೆ ಊರಿನ ನಂಬಿಕಸ್ಥ ಬಂಧುವಿನ ಬಳಿ ಇರುವುದು ಒಂದು ಮಾದರಿ.

2. ಕೀಲಿಗಳನ್ನು ರಚಿಸುವುದು. ಪ್ರತಿ ಕೀಲಿಯನ್ನೂ ಪ್ರತ್ಯೇಕ ಹಾರ್ಡ್‌ವೇರ್ ವ್ಯಾಲೆಟ್ಟಿನಲ್ಲಿ ರಚಿಸಬೇಕು. ಖಾಸಗಿ ಕೀಲಿಯನ್ನು ಹೊರಗೆ ಬಿಡದೆ ಒಳಗೇ ಸಹಿ ಮಾಡುವ ಚಿಕ್ಕ ಸಾಧನ ಇದು. ಸಾಧ್ಯವಾದರೆ ಬೇರೆ ಬೇರೆ ತಯಾರಕರ ಸಾಧನಗಳನ್ನು ಆರಿಸಿಕೊಳ್ಳಬೇಕು. ಒಂದರಲ್ಲಿ ದೋಷ ಕಂಡುಬಂದರೂ ಉಳಿದವು ಸುರಕ್ಷಿತವಾಗಿರುತ್ತವೆ.

3. ಮರುಪಡೆಯುವ ಪದಗಳನ್ನು ಬರೆದುಕೊಳ್ಳುವುದು. ಸಾಧನವು ಸಾಮಾನ್ಯವಾಗಿ 12 ಅಥವಾ 24 ಪದಗಳನ್ನು ತೋರಿಸುತ್ತದೆ. ಸಾಧನ ಕೆಟ್ಟರೆ ಈ ಪದಗಳಿಂದ ಕೀಲಿಯನ್ನು ಮತ್ತೆ ಪಡೆಯಬಹುದು. ಇವನ್ನು 2048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಲಾಗಿರುತ್ತದೆ. ಕನ್ನಡದಲ್ಲಿ ಇಂತಹ ಅಧಿಕೃತ ಪಟ್ಟಿಯಿಲ್ಲ. ಆದ್ದರಿಂದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ, ಕಾಗುಣಿತ ತಪ್ಪದಂತೆ, ಕ್ರಮಸಂಖ್ಯೆಯೊಡನೆ ಬರೆಯಬೇಕು. ಅನುವಾದಿಸಬಾರದು, ಕನ್ನಡ ಲಿಪಿಗೆ ಇಳಿಸಬಾರದು. ಛಾಯಾಚಿತ್ರ ತೆಗೆಯುವುದು, ಮಿಂಚಂಚೆ ಅಥವಾ ವಾಟ್ಸ್ಆಪ್‌ನಲ್ಲಿ ಕಳುಹಿಸುವುದು ಸಲ್ಲದು.

4. ವ್ಯಾಲೆಟ್ ರಚಿಸುವುದು. ಗಣಕದ ತಂತ್ರಾಂಶದಲ್ಲಿ ಹೊಸ ವ್ಯಾಲೆಟ್ ತೆರೆದು, ಬಹು-ಸಹಿ ಬಗೆಯನ್ನು ಆರಿಸಿ, ಒಟ್ಟು ಕೀಲಿಗಳು 3, ಬೇಕಾದ ಸಹಿಗಳು 2 ಎಂದು ನಮೂದಿಸಬೇಕು. ಬಳಿಕ ಮೂರೂ ಸಾಧನಗಳ ವಿಸ್ತೃತ ಸಾರ್ವಜನಿಕ ಕೀಲಿಗಳನ್ನು ಒಂದೊಂದಾಗಿ ಸೇರಿಸಬೇಕು. ಇಲ್ಲಿ ಮರುಪಡೆಯುವ ಪದಗಳನ್ನು ಗಣಕದಲ್ಲಿ ಟೈಪ್ ಮಾಡುವ ಅಗತ್ಯವಿಲ್ಲ, ಮಾಡಲೂಬಾರದು.

5. ವ್ಯಾಲೆಟ್ ವಿವರಣೆಯನ್ನು ಉಳಿಸಿಕೊಳ್ಳುವುದು. ಇದರ ಮಹತ್ತ್ವವನ್ನು ಮುಂದಿನ ವಿಭಾಗದಲ್ಲಿ ವಿವರಿಸಲಾಗಿದೆ.

6. ವಿಳಾಸವನ್ನು ತಾಳೆ ನೋಡುವುದು. ಗಣಕದ ಪರದೆಯ ಮೇಲಿನ ವಿಳಾಸವೂ ಹಾರ್ಡ್‌ವೇರ್ ವ್ಯಾಲೆಟ್ಟಿನ ಪರದೆಯ ಮೇಲಿನ ವಿಳಾಸವೂ ಒಂದೇ ಆಗಿರಬೇಕು. ಗಣಕಕ್ಕೆ ದುರುದ್ದೇಶದ ತಂತ್ರಾಂಶ ಸೇರಿದ್ದರೆ ಈ ಹಂತದಲ್ಲಿ ಬಯಲಾಗುವ ಸಾಧ್ಯತೆಯಿದೆ.

7. ಅಲ್ಪ ಮೊತ್ತದಿಂದ ಪರೀಕ್ಷಿಸುವುದು. ಸಣ್ಣ ಮೊತ್ತವನ್ನು ಸ್ವೀಕರಿಸಿ, ಬಳಿಕ ಎರಡು ಕೀಲಿಗಳ ಸಹಿಯಿಂದ ಹೊರಗೆ ಕಳುಹಿಸಿ ನೋಡಬೇಕು. ಮೊದಲ ಮತ್ತು ಎರಡನೆಯ, ಎರಡನೆಯ ಮತ್ತು ಮೂರನೆಯ, ಮೊದಲ ಮತ್ತು ಮೂರನೆಯ ಕೀಲಿಗಳು ಹೀಗೆ ಮೂರೂ ಜೋಡಿಗಳನ್ನು ಪರೀಕ್ಷಿಸುವುದು ಉಚಿತ.

8. ಮರುಸ್ಥಾಪನೆಯನ್ನು ಪರೀಕ್ಷಿಸುವುದು. ಗಣಕದಿಂದ ವ್ಯಾಲೆಟ್ಟನ್ನು ಅಳಿಸಿ, ಬರೆದಿಟ್ಟ ದಾಖಲೆಗಳಿಂದಷ್ಟೇ ಅದನ್ನು ಮತ್ತೆ ಪಡೆಯಲು ಸಾಧ್ಯವೇ ಎಂದು ನೋಡಬೇಕು. ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ವ್ಯಾಲೆಟ್ಟಿಗೆ ದೊಡ್ಡ ಮೊತ್ತವನ್ನು ಹಾಕಬಾರದು.

ಸಹಿ ಮಾಡುವ ಕ್ರಮ

ಹಣ ಕಳುಹಿಸುವಾಗ ಒಬ್ಬರು ವಹಿವಾಟಿನ ಕರಡನ್ನು ಸಿದ್ಧಪಡಿಸುತ್ತಾರೆ. ಇದನ್ನು ‘ಭಾಗಶಃ ಸಹಿಯಾದ ವಹಿವಾಟು’ ಎನ್ನುತ್ತಾರೆ. 174ನೆಯ ಸುಧಾರಣಾ ಪ್ರಸ್ತಾವವು ಇದರ ಸ್ವರೂಪವನ್ನು ನಿಗದಿಪಡಿಸಿದೆ. ಈ ಕಡತವನ್ನು ಮೊದಲ ಸಹಿದಾರರು ತಮ್ಮ ಸಾಧನದಲ್ಲಿ ಪರಿಶೀಲಿಸಿ ಸಹಿ ಮಾಡಿ ಎರಡನೆಯವರಿಗೆ ಕಳುಹಿಸುತ್ತಾರೆ. ಎರಡನೆಯ ಸಹಿ ಬಿದ್ದ ನಂತರ ವಹಿವಾಟನ್ನು ಜಾಲಕ್ಕೆ ಬಿಡುಗಡೆ ಮಾಡಲಾಗುತ್ತದೆ. ಸಹಿದಾರರು ಒಂದೇ ಊರಿನಲ್ಲಿರಬೇಕೆಂದಿಲ್ಲ. ಪ್ರತಿಯೊಬ್ಬರೂ ಸ್ವೀಕರಿಸುವವರ ವಿಳಾಸ, ಮೊತ್ತ, ಶುಲ್ಕ ಈ ಮೂರನ್ನೂ ತಮ್ಮ ಸಾಧನದ ಪರದೆಯ ಮೇಲೆ ಓದಿಯೇ ಸಹಿ ಮಾಡಬೇಕು.

ವ್ಯಾಲೆಟ್ ವಿವರಣೆಯ ಮಹತ್ತ್ವ

ಹೊಸಬರು ಎಡವುವ ಸ್ಥಳ ಇದು. ‘3ರಲ್ಲಿ 2’ ವ್ಯಾಲೆಟ್ಟಿನಲ್ಲಿ ಎರಡು ಕೀಲಿಗಳ ಮರುಪಡೆಯುವ ಪದಗಳಿದ್ದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಸಹಿ ಮಾಡಲು ಎರಡು ಖಾಸಗಿ ಕೀಲಿಗಳು ಸಾಕು, ನಿಜ. ಆದರೆ ಮೇಲೆ ಹೇಳಿದಂತೆ ವಿಳಾಸವು ಮೂರೂ ಸಾರ್ವಜನಿಕ ಕೀಲಿಗಳಿಂದ ರೂಪುಗೊಂಡಿದೆ. ಖರ್ಚು ಮಾಡುವಾಗ ಮೂರೂ ಕೀಲಿಗಳುಳ್ಳ ಮೂಲ ಷರತ್ತನ್ನು ಮುಂದಿಡಬೇಕು. ಮೂರನೆಯ ಕೀಲಿಯ ಪದಗಳು ಬೆಂಕಿಗೋ ನೀರಿಗೋ ಆಹುತಿಯಾಗಿ, ಅದರ ಸಾರ್ವಜನಿಕ ಕೀಲಿಯೂ ಎಲ್ಲಿಯೂ ದಾಖಲಾಗಿರದಿದ್ದರೆ, ಉಳಿದ ಎರಡು ಕೀಲಿಗಳಿಂದ ವ್ಯಾಲೆಟ್ಟನ್ನು ಕಟ್ಟಲಾಗದು. ಒಂದು ಕೀಲಿಯ ನಷ್ಟವನ್ನು ತಾಳಿಕೊಳ್ಳಲೆಂದೇ ರಚಿಸಿದ ವ್ಯವಸ್ಥೆಯು ಆ ಒಂದು ಕೀಲಿಯ ನಷ್ಟದಿಂದಲೇ ಕುಸಿಯುತ್ತದೆ.

ಇದಕ್ಕೆ ಪರಿಹಾರ ಸರಳ. ಮೂರೂ ವಿಸ್ತೃತ ಸಾರ್ವಜನಿಕ ಕೀಲಿಗಳು, ಬೇಕಾದ ಸಹಿಗಳ ಸಂಖ್ಯೆ, ವಿಳಾಸದ ಬಗೆ ಮತ್ತು ಕೀಲಿಗಳನ್ನು ಪಡೆದ ಮಾರ್ಗ ಇವೆಲ್ಲವನ್ನೂ ಒಳಗೊಂಡ ‘ಡಿಸ್ಕ್ರಿಪ್ಟರ್’ ಎಂಬ ವಿವರಣೆಯನ್ನು ತಂತ್ರಾಂಶವೇ ಒದಗಿಸುತ್ತದೆ. ಅದನ್ನು ಮುದ್ರಿಸಿ ಪ್ರತಿಯೊಂದು ಕೀಲಿಯ ಪದಗಳ ಜೊತೆಗೂ ಒಂದೊಂದು ಪ್ರತಿಯನ್ನು ಇಡಬೇಕು. ಈ ವಿವರಣೆ ಅನ್ಯರ ಕೈಸೇರಿದರೆ ಅವರು ಹಣವನ್ನು ತೆಗೆಯಲಾರರು. ಆದರೆ ಎಷ್ಟು ಹಣವಿದೆ ಎಂಬುದನ್ನು ನೋಡಬಲ್ಲರು. ಆದುದರಿಂದ ಇದನ್ನೂ ಗೋಪ್ಯವಾಗಿಯೇ ಕಾಪಾಡಬೇಕು.

ಉತ್ತರಾಧಿಕಾರ

ಬ್ಯಾಂಕ್ ಖಾತೆಗಿರುವಂತಹ ನಾಮನಿರ್ದೇಶನದ ಸೌಲಭ್ಯ ಸ್ವಂತವಾಗಿ ಕಾಪಾಡಿಕೊಳ್ಳುವ ಕ್ರಿಪ್ಟೋಕರೆನ್ಸಿಗೆ ಇಲ್ಲ. ಉಯಿಲಿನಲ್ಲಿ ವಾರಸುದಾರರ ಹೆಸರಿದ್ದರೂ ಕೀಲಿಗಳಿಲ್ಲದೆ ಹಣ ಅವರಿಗೆ ದೊರೆಯದು. ಈ ವಿಷಯದಲ್ಲಿ ಬಹು-ಸಹಿ ವ್ಯಾಲೆಟ್ ಉಪಯುಕ್ತ. ಪತಿ, ಪತ್ನಿ ಹಾಗೂ ವಯಸ್ಕ ಮಗಳು ಒಂದೊಂದು ಕೀಲಿಯನ್ನು ಹೊಂದಿದ್ದರೆ, ಒಬ್ಬರು ಗತಿಸಿದರೂ ಉಳಿದ ಇಬ್ಬರು ಹಣವನ್ನು ಪಡೆಯಬಹುದು. ಯಾರೊಬ್ಬರೂ ಉಳಿದವರಿಗೆ ತಿಳಿಯದಂತೆ ತೆಗೆಯಲಾರರು. ಆದರೆ ಕೀಲಿ ಕೊಟ್ಟಮಾತ್ರಕ್ಕೆ ಸಾಲದು. ಯಾವ ತಂತ್ರಾಂಶ, ಯಾವ ಸಾಧನ, ವಿವರಣೆಯ ಪ್ರತಿ ಎಲ್ಲಿದೆ, ಮೊದಲು ಏನು ಮಾಡಬೇಕು ಎಂಬುದನ್ನು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿಡಬೇಕು. ಮರುಪಡೆಯುವ ಪದಗಳನ್ನು ಮಾತ್ರ ಆ ಪತ್ರದಲ್ಲಿ ಬರೆಯಬಾರದು. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಸಣ್ಣ ಮೊತ್ತವೊಂದನ್ನು ಕಳುಹಿಸಿ ಅಭ್ಯಾಸ ಮಾಡುವುದು ಹಿತಕರ.

ಮಿತಿಗಳು ಮತ್ತು ವೈಫಲ್ಯಗಳು

ಬಹು-ಸಹಿ ವಹಿವಾಟಿನಲ್ಲಿ ದತ್ತಾಂಶ ಹೆಚ್ಚಿರುವುದರಿಂದ ಸಾಮಾನ್ಯವಾಗಿ ಶುಲ್ಕವೂ ಹೆಚ್ಚು. ಟ್ಯಾಪ್‌ರೂಟ್ ಬಳಸದ ವ್ಯಾಲೆಟ್ಟುಗಳಲ್ಲಿ ಹಣ ಖರ್ಚಾದಾಗ ಎಷ್ಟು ಕೀಲಿಗಳಿವೆ ಎಂಬುದು ಸಾರ್ವಜನಿಕ ದಾಖಲೆಯಲ್ಲಿ ಕಾಣುತ್ತದೆ.

ಈಥೀರಿಯಮ್ ಜಾಲದಲ್ಲಿ ಬಹು-ಸಹಿಯ ನಿಯಮವನ್ನು ‘ಸ್ಮಾರ್ಟ್ ಕಾಂಟ್ರಾಕ್ಟ್’ ಎಂಬ ಕ್ರಮವಿಧಿಯಾಗಿ ಬರೆಯಲಾಗುತ್ತದೆ. ಆ ಕ್ರಮವಿಧಿಯಲ್ಲಿ ದೋಷವಿದ್ದರೆ ಕೀಲಿಗಳು ಭದ್ರವಾಗಿದ್ದರೂ ಹಣ ಹೋಗಬಹುದು. ಪ್ಯಾರಿಟಿ ಸಂಸ್ಥೆಯ ಬಹು-ಸಹಿ ವ್ಯಾಲೆಟ್ಟುಗಳಿಂದ 2017ರ ಜುಲೈನಲ್ಲಿ ಸುಮಾರು 1.5 ಲಕ್ಷ ಈಥರ್ ಕಳುವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಳಕೆದಾರನೊಬ್ಬ ಆ ವ್ಯಾಲೆಟ್ಟುಗಳೆಲ್ಲ ಅವಲಂಬಿಸಿದ್ದ ಮೂಲ ಕ್ರಮವಿಧಿಯನ್ನೇ ಅಳಿಸಿದ್ದರಿಂದ 5 ಲಕ್ಷಕ್ಕೂ ಹೆಚ್ಚು ಈಥರ್ ಸಿಲುಕಿಕೊಂಡಿತು.

ಸಹಿದಾರರು ಏನಕ್ಕೆ ಸಹಿ ಮಾಡುತ್ತಿದ್ದೇವೆಂದು ತಿಳಿಯದೆ ಸಹಿ ಮಾಡುವುದು ಇನ್ನೊಂದು ಅಪಾಯ. ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದ ಬಹು-ಸಹಿ ವ್ಯಾಲೆಟ್ಟಿನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋಕರೆನ್ಸಿ ಕಳುವಾಯಿತು. ಪರದೆಯ ಮೇಲೆ ಕಂಡ ವಿವರಕ್ಕೂ ವಾಸ್ತವವಾಗಿ ಸಹಿಯಾದ ವಹಿವಾಟಿಗೂ ವ್ಯತ್ಯಾಸವಿತ್ತೆಂದು ಸಂಸ್ಥೆ ತಿಳಿಸಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರವು ಇದೇ ರೀತಿ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕಳೆದುಕೊಂಡಿತು. ಸಹಿಗಳ ಸಂಖ್ಯೆ ಎಷ್ಟೇ ಇರಲಿ, ಎಲ್ಲರೂ ಒಂದೇ ಪರದೆಯನ್ನು ನಂಬಿದರೆ ಅದು ಒಂದೇ ಸಹಿಗೆ ಸಮ.

ಭಾರತದಲ್ಲಿ ಕಾನೂನು

ಕ್ರಿಪ್ಟೋಕರೆನ್ಸಿ ಭಾರತದಲ್ಲಿ ಕಾನೂನುಬದ್ಧ ಚಲಾವಣೆಯ ಹಣವಲ್ಲ. ಬ್ಯಾಂಕುಗಳು ಇಂತಹ ವ್ಯವಹಾರಕ್ಕೆ ಸೇವೆ ನೀಡದಂತೆ ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಇಂತಹ ಆಸ್ತಿಗಳ ವರ್ಗಾವಣೆಯ ಲಾಭದ ಮೇಲೆ ಶೇಕಡಾ 30 ಆದಾಯ ತೆರಿಗೆಯೂ, ಅದೇ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವಹಿವಾಟುಗಳ ಮೇಲೆ ಶೇಕಡಾ 1 ಮೂಲದಲ್ಲಿ ತೆರಿಗೆ ಕಡಿತವೂ ಜಾರಿಗೆ ಬಂದವು. ಬಹು-ಸಹಿ ವ್ಯಾಲೆಟ್ಟಿನಲ್ಲಿ ಇಟ್ಟ ಮಾತ್ರಕ್ಕೆ ತೆರಿಗೆಯ ಹೊಣೆ ತಪ್ಪುವುದಿಲ್ಲ.