ಹಳೆಯ ಕಾರುಗಳ ಮೀಟರು ದೀಪಗಳು: ಅವುಗಳ ದೋಷವೂ ದುರಸ್ತಿಯೂ

ಹೆಬ್ಬಾಳವನ್ನು ದಾಟಿ ಯಲಹಂಕ, ದೇವನಹಳ್ಳಿಗಳ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಇಕ್ಕೆಲಗಳ ಗ್ರಾಮಗಳಲ್ಲಿ, ದ್ರಾಕ್ಷಿ, ಹೂವು, ತರಕಾರಿಗಳನ್ನು ಬೆಳೆಯುವ ಕೆಲವು ಜಮೀನುದಾರರ ಮನೆಗಳಲ್ಲಿ ತಂದೆಯ ಕಾಲದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು ಈಗಲೂ ಕಂಡುಬರುವುದುಂಟು. ಪದ್ಮಿನಿಯ ತಯಾರಿಕೆಯು 2000ದ ಸುಮಾರಿನಲ್ಲಿಯೂ, ಅಂಬಾಸಿಡರಿನ ತಯಾರಿಕೆಯು 2014ರಲ್ಲಿಯೂ ನಿಂತುಹೋದುದರಿಂದ ಇವೆಲ್ಲವೂ ವಯಸ್ಸಾದ ಗಾಡಿಗಳೇ ಸರಿ. ಇಂಥ ಗಾಡಿಗಳ ಇಂಜಿನಿಗೆ ಎಣ್ಣೆ, ನೀರುಗಳನ್ನು ತಪ್ಪದೆ ನೋಡುವ ಯಜಮಾನರೂ ಸಹ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಬೆಳಗುವ ಪುಟ್ಟ ಬಲ್ಬುಗಳ ವಿಷಯದಲ್ಲಿ ಉದಾಸೀನರಾಗಿರುವರು. ಈ ಉದಾಸೀನತೆಯಿಂದ ಉಂಟಾಗುವ ನಷ್ಟವು ಬಲ್ಬಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನದು.

ನಷ್ಟವು ಹೇಗೆ ಸಂಭವಿಸುವುದು?

ಮಾರುಕಟ್ಟೆಗೆ ಮಾಲು ಸಾಗಿಸುವ ರೈತರು ಬೆಳಗಿನ ಜಾವಕ್ಕೆ ಮುಂಚೆಯೇ ಹೊರಡತಕ್ಕವರು. ರೈತನೊಬ್ಬನು ಕತ್ತಲಲ್ಲಿ ಯಶವಂತಪುರಕ್ಕೆ ಹೊರಟಿರುವನೆಂದೂ, ಅವನ ಕಾರಿನ ಮೀಟರುಗಳಿಗೆ ಬೆಳಕಿಲ್ಲವೆಂದೂ ಇಟ್ಟುಕೊಳ್ಳೋಣ. ದಾರಿಯಲ್ಲಿ ರೇಡಿಯೇಟರಿನ ನೀರು ಸೋರಿ ಇಂಜಿನು ಕಾದರೆ, ಶಾಖವನ್ನು ತೋರಿಸುವ ಮುಳ್ಳು ಮೇಲಕ್ಕೇರುವುದು ಅವನಿಗೆ ಕಾಣಿಸದು. ಬಾನೆಟ್ಟಿನಿಂದ ಹಬೆಯೇಳುವ ಹೊತ್ತಿಗೆ ಗ್ಯಾಸ್ಕೆಟ್ಟು ಸುಟ್ಟು, ಸಿಲಿಂಡರಿನ ಹೆಡ್ಡು ಬಾಗಿರಬಹುದು. ಎಣ್ಣೆಯ ಒತ್ತಡದ ಮುಳ್ಳು ಕಾಣದಿದ್ದರೆ ಆಗುವ ಹಾನಿಯು ಇದಕ್ಕಿಂತಲೂ ಘೋರವಾದುದು.

ಈ ದೋಷವು ಬೇಗನೆ ಗಮನಕ್ಕೆ ಬಾರದಿರುವುದಕ್ಕೆ ಕಾರಣವೊಂದುಂಟು. ಹೆಬ್ಬಾಳದಿಂದ ಯಲಹಂಕದವರೆಗೆ ಬೀದಿದೀಪಗಳ ಬೆಳಕೇ ಕಾರಿನೊಳಕ್ಕೆ ಬೀಳುವುದರಿಂದ, ಮೀಟರುಗಳ ಸ್ವಂತ ದೀಪವು ಆರಿರುವುದು ತಿಳಿಯುವುದೇ ಇಲ್ಲ. ಹೆದ್ದಾರಿಯನ್ನು ಬಿಟ್ಟು ಊರಿನ ರಸ್ತೆಗೆ ತಿರುಗಿದ ಮೇಲೆಯೇ ಕೊರತೆಯು ಕಾಣುವುದು.

ಇನ್ನೊಂದು ಅಪಾಯವೂ ಉಂಟು. ಅನೇಕ ಹಳೆಯ ಗಾಡಿಗಳಲ್ಲಿ ಮೀಟರು ದೀಪಗಳಿಗೂ ಹಿಂದಿನ ಕೆಂಪು ದೀಪಗಳಿಗೂ ಒಂದೇ ಫ್ಯೂಜು ಇರುವುದು. ಆದುದರಿಂದ ಮೀಟರು ಕತ್ತಲಾದ ಕೂಡಲೆ ಗಾಡಿಯನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ ಕೆಂಪು ದೀಪಗಳನ್ನು ನೋಡತಕ್ಕದ್ದು. ಅವೂ ಆರಿದ್ದಲ್ಲಿ, ಹಿಂದಿನಿಂದ ಬರುವ ಲಾರಿಯವನಿಗೆ ಈ ಕಾರು ಕಾಣಿಸುವುದಿಲ್ಲವೆಂದು ತಿಳಿದು, ಆ ರಾತ್ರಿ ಪ್ರಯಾಣವನ್ನು ಮುಂದುವರಿಸಕೂಡದು.

ವಿದ್ಯುತ್ತು ನಡೆಯುವ ದಾರಿ

ವಿದ್ಯುತ್ತು ಬ್ಯಾಟರಿಯಿಂದ ಹೊರಟು ದೀಪದ ಸ್ವಿಚ್ಚು, ಫ್ಯೂಜು, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತಿರುಗು ಗುಂಡಿ, ಇವುಗಳ ಮೂಲಕ ಬಲ್ಬಿಗೆ ಬರುವುದು. (ಸ್ವಿಚ್ಚು, ಫ್ಯೂಜುಗಳ ಕ್ರಮವು ಗಾಡಿಯಿಂದ ಗಾಡಿಗೆ ಬೇರೆಯಾಗಬಹುದು, ತಿರುಗು ಗುಂಡಿಯು ಎಲ್ಲ ಗಾಡಿಗಳಲ್ಲಿಯೂ ಇರುವುದಿಲ್ಲ.) ಬಲ್ಬಿಗೆ ಬಂದರೆ ಮಾತ್ರ ಸಾಲದು, ಅಲ್ಲಿಂದ ಗಾಡಿಯ ಕಬ್ಬಿಣದ ಮೈಯ ಮೂಲಕ ಅದು ಬ್ಯಾಟರಿಗೆ ಹಿಂದಿರುಗಬೇಕು. ಈ ಹಿಂದಿರುಗುವ ದಾರಿಗೆ ಅರ್ತು ಎಂದು ಹೆಸರು.

ಹಿರಿಯರಿಗೆ ಕಪಿಲೆಯ ಬಾವಿಯು ನೆನಪಿರಬಹುದು. ಎತ್ತುಗಳು ಇಳಿಜಾರಿನಲ್ಲಿ ಇಳಿದು ಬಾನಿಯನ್ನು ಮೇಲಕ್ಕೆಳೆದರೆ ಸಾಲದು. ಹಿಂದಕ್ಕೆ ಬಂದು ಬಾನಿಯನ್ನು ಪುನಃ ಬಾವಿಗೆ ಇಳಿಸಿದರೆ ಮಾತ್ರ ನೀರು ತಪ್ಪದೆ ಬರುವುದು. ವಿದ್ಯುತ್ತಿನ ರೀತಿಯೂ ಹಾಗೆಯೇ. ಹಳೆಯ ಗಾಡಿಗಳಲ್ಲಿ ಅರ್ತಿನ ಸ್ಕ್ರೂಗಳು ತುಕ್ಕು ಹಿಡಿದು ಹಿಂದಿರುಗುವ ದಾರಿಯು ಕಟ್ಟಿಹೋಗುವುದು ಬಹು ಸಾಮಾನ್ಯ. ಆದರೆ ಜನರು ಬಲ್ಬನ್ನೇ ದೂರಿ ಹೊಸ ಬಲ್ಬುಗಳಿಗೆ ಹಣವನ್ನು ಚೆಲ್ಲುವರು.

ಲಕ್ಷಣವನ್ನು ನೋಡಿ ದೋಷವನ್ನು ತಿಳಿಯುವ ಬಗೆ

1. ಒಂದು ಮೀಟರು ಮಾತ್ರ ಕತ್ತಲಾಗಿ ಮಿಕ್ಕವು ಬೆಳಗುತ್ತಿದ್ದರೆ, ದೋಷವು ಆ ಬಲ್ಬಿನಲ್ಲಿ ಅಥವಾ ಅದರ ಹೋಲ್ಡರಿನಲ್ಲಿ ಇರುವುದು.

2. ಎಲ್ಲವೂ ಒಟ್ಟಿಗೆ ಆರಿದರೆ ಫ್ಯೂಜು, ತಿರುಗು ಗುಂಡಿ, ಸ್ವಿಚ್ಚು, ಅರ್ತು, ಇವುಗಳನ್ನು ಶಂಕಿಸಬೇಕು. ಎಲ್ಲ ಬಲ್ಬುಗಳೂ ಒಂದೇ ದಿನ ಸುಟ್ಟುಹೋಗುವುದು ಅಪೂರ್ವ.

3. ಎಲ್ಲವೂ ಮಂಕಾಗಿ ಉರಿದರೆ ಅರ್ತು ಅಥವಾ ತಿರುಗು ಗುಂಡಿಯು ಕೆಟ್ಟಿರುವುದು.

4. ಹಳ್ಳದಿಣ್ಣೆಗಳಲ್ಲಿ ಹತ್ತಿ ಆರುತ್ತಿದ್ದರೆ ಎಲ್ಲಿಯೋ ಒಂದು ಕೂಡಿಕೆಯು ಸಡಿಲವಾಗಿರುವುದು.

ಪರೀಕ್ಷಿಸುವ ಕ್ರಮ

ಸುಲಭವಾದುದನ್ನು ಮೊದಲು ನೋಡತಕ್ಕದ್ದು. ತಿರುಗು ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಾರು ಸಲ ತಿರುಗಿಸಬೇಕು. ಅದರೊಳಗಿನ ತಂತಿಯ ಸುರುಳಿಗೆ ಹಿಡಿದ ಕಿಲುಬು ಉಜ್ಜಿಹೋಗಿ, ಅನೇಕ ವೇಳೆ ದೀಪವು ಅಷ್ಟರಿಂದಲೇ ಹತ್ತಿಕೊಳ್ಳುವುದು. ಅನಂತರ ಫ್ಯೂಜನ್ನು ತೆಗೆದು ನೋಡಿ, ಅದರ ಹಿಡಿಕೆಗಳ ಹಸಿರು ಕಿಲುಬನ್ನು ನಯವಾದ ಉಪ್ಪು ಕಾಗದದಿಂದ ತಿಕ್ಕಬೇಕು.

ಇಷ್ಟರಿಂದ ಗುಣ ಕಾಣದಿದ್ದಲ್ಲಿ ಮೀಟರು ಫಲಕವನ್ನು ಬಿಚ್ಚಬೇಕಾಗುವುದು. ಬಿಚ್ಚುವ ಮುನ್ನ, ಬ್ಯಾಟರಿಯಿಂದ ಗಾಡಿಯ ಮೈಗೆ ಕೂಡಿಸಿರುವ ವೈರನ್ನು ತಪ್ಪದೆ ಕಳಚತಕ್ಕದ್ದು. ಸಾಮಾನ್ಯವಾಗಿ ಅದು ಋಣ ತುದಿಯ ವೈರು. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಧನ ತುದಿಯೇ ಮೈಗೆ ಸೇರಿರುವುದುಂಟಾದ್ದರಿಂದ ಕಣ್ಣಾರೆ ನೋಡಿ ಮುಂದುವರಿಯಬೇಕು. ಸ್ಪೀಡೋಮೀಟರಿನ ಕೇಬಲ್ಲನ್ನು ತಿರುಗಿಸಿ ಬಿಡಿಸಬೇಕೇ ಹೊರತು ಫಲಕವನ್ನು ಬಲಾತ್ಕಾರವಾಗಿ ಎಳೆಯಕೂಡದು. ಹಳೆಯ ಜೀಪು, ಟ್ರಾಕ್ಟರುಗಳಲ್ಲಿ ಎಣ್ಣೆಯ ಮೀಟರಿಗೆ ಸಣ್ಣ ಕೊಳವೆಯು ಬರುವುದುಂಟು; ಅದು ಮುರಿದರೆ ಇಂಜಿನಿನ ಎಣ್ಣೆಯೆಲ್ಲವೂ ಸೋರಿಹೋಗುವುದು. ಪ್ರತಿಯೊಂದು ವೈರಿಗೂ ಗುರುತಿನ ಚೀಟಿಯನ್ನು ಕಟ್ಟುವುದು ಉತ್ತಮ.

ಫಲಕವು ಹೊರಬಂದ ಮೇಲೆ ಬ್ಯಾಟರಿಯನ್ನು ಪುನಃ ಕೂಡಿಸಿ, ದೀಪದ ಸ್ವಿಚ್ಚನ್ನು ಹಾಕಿ, ಗಾಡಿಯ ಬಣ್ಣವಿಲ್ಲದ ಕಬ್ಬಿಣದಿಂದ ಫಲಕದ ಅರ್ತಿನ ಸ್ಥಳಕ್ಕೆ ತುಂಡು ವೈರೊಂದನ್ನು ಹಿಡಿಯಬೇಕು. ಕೂಡಲೆ ದೀಪಗಳು ಪ್ರಕಾಶಮಾನವಾದರೆ ಅರ್ತು ಕೆಟ್ಟಿರುವುದೆಂಬುದು ನಿಶ್ಚಯ. ಬ್ಯಾಟರಿಯನ್ನು ಪುನಃ ಕಳಚಿ, ಆ ಸ್ಕ್ರೂವನ್ನು ಬಿಚ್ಚಿ, ಲೋಹವು ಹೊಳೆಯುವಂತೆ ತಿಕ್ಕಿ, ಬಿಗಿಯಾಗಿ ಕೂಡಿಸಿ, ತೇವವು ತಾಗದಂತೆ ಮೇಲೆ ಸ್ವಲ್ಪ ವ್ಯಾಸಲೀನನ್ನು ಸವರಿದರೆ ದುರಸ್ತಿಯು ಮುಗಿಯಿತು. ಈಚಿನ ಕಾರುಗಳ ಫಲಕದ ಹಿಂದೆ ವೈರಿಗೆ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾದ ತಾಮ್ರದ ಗೆರೆಗಳಿರುವುವು. ಅವುಗಳನ್ನು ಉಪ್ಪು ಕಾಗದದಿಂದ ತಿಕ್ಕಿದರೆ ಹರಿದುಹೋಗುವುವು. ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಒರೆಸಿದರೆ ಸಾಕು.

ಮಾಡಕೂಡದ ಕೆಲಸಗಳು

ಫ್ಯೂಜು ಸುಟ್ಟಾಗ ಅದಕ್ಕೆ ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತುವುದೂ, ದಪ್ಪ ತಂತಿಯನ್ನು ಕಟ್ಟುವುದೂ, ಹೆಚ್ಚು ಆಂಪಿಯರಿನ ಫ್ಯೂಜನ್ನು ಹಾಕುವುದೂ ಅತ್ಯಂತ ಅಪಾಯಕರವಾದ ಅಭ್ಯಾಸಗಳು. ತಲಾ 3 ವಾಟಿನ ಐದು ಬಲ್ಬುಗಳಿಗೆ 12 ವೋಲ್ಟಿನಲ್ಲಿ ಬೇಕಾಗುವುದು ಸುಮಾರು ಒಂದೂಕಾಲು ಆಂಪಿಯರು ಮಾತ್ರ. ಹೀಗಿರುವಾಗ ಹೊಸ ಫ್ಯೂಜೂ ಕೂಡಲೆ ಸುಟ್ಟರೆ, ಎಲ್ಲಿಯೋ ವೈರು ಗಾಡಿಯ ಮೈಗೆ ತಾಗುತ್ತಿದೆಯೆಂದೇ ಅರ್ಥ. ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ ಇಲಿಗಳು ವೈರಿನ ಮೇಲುಹೊದಿಕೆಯನ್ನು ಕಡಿದಿರುವ ಸಂಭವವುಂಟು. ಬಲವಾದ ಫ್ಯೂಜನ್ನು ಹಾಕಿದರೆ ಆಗ ಸುಡುವುದು ಫ್ಯೂಜಲ್ಲ, ವೈರು. ವೈರಿನಿಂದ ಕಾರಿಗೂ, ಕಾರಿನಿಂದ ಕೊಟ್ಟಿಗೆಗೂ ಬೆಂಕಿಯು ಹತ್ತಬಹುದು.

ಹೆಚ್ಚು ವಾಟಿನ ಬಲ್ಬನ್ನು ಹಾಕುವುದೂ ಸರಿಯಲ್ಲ; ಅದರ ಶಾಖದಿಂದ ಹೋಲ್ಡರು ಕರಗುವುದಲ್ಲದೆ, ಕಣ್ಣಿಗೆ ಬಡಿಯುವ ಬೆಳಕಿನಿಂದ ಮುಂದಿನ ರಸ್ತೆಯೇ ಕಾಣದಂತಾಗುವುದು. ಎಲ್‌ಇಡಿ ಬಲ್ಬು ಹತ್ತದಿದ್ದರೆ ಅದನ್ನು ತಿರುಗಿಸಿ ಹಾಕಿ ನೋಡಬೇಕು. ಅದು ಒಂದೇ ದಿಕ್ಕಿನ ವಿದ್ಯುತ್ತಿಗೆ ಬೆಳಗತಕ್ಕದ್ದು. ಆದರೆ ಬ್ಯಾಟರಿಯ ಕೆಂಪು ಎಚ್ಚರಿಕೆ ದೀಪಕ್ಕೆ ಮಾತ್ರ ಎಲ್‌ಇಡಿಯನ್ನು ಹಾಕಕೂಡದು. ಏಕೆಂದರೆ ಆಲ್ಟರ್ನೇಟರ್ ಇರುವ ಅನೇಕ ಗಾಡಿಗಳಲ್ಲಿ ಆ ಬಲ್ಬಿನ ಮೂಲಕ ಹರಿಯುವ ಅಲ್ಪ ವಿದ್ಯುತ್ತಿನಿಂದಲೇ ಆಲ್ಟರ್ನೇಟರು ತನ್ನ ಕೆಲಸವನ್ನು ಆರಂಭಿಸುವುದು.

ವರ್ಷಕ್ಕೊಮ್ಮೆ ಮಾಡತಕ್ಕ ತನಿಖೆ

1988ರ ಮೋಟಾರು ವಾಹನಗಳ ಕಾಯಿದೆಯಂತೆ ಸ್ವಂತ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಆಮೇಲೆ ಅದನ್ನು ನವೀಕರಿಸಬೇಕಾಗುವುದು. ಯಲಹಂಕ ಅಥವಾ ಯಶವಂತಪುರದ ಸಾರಿಗೆ ಕಚೇರಿಗೆ ಗಾಡಿಯನ್ನು ಒಯ್ಯುವ ಮುನ್ನ ದೀಪಗಳನ್ನೆಲ್ಲ ಸರಿಪಡಿಸಿಕೊಂಡಿದ್ದರೆ ಎರಡನೆಯ ಸಲ ಅಲೆಯುವ ಶ್ರಮವು ತಪ್ಪುವುದು.

ಆಯುಧಪೂಜೆಯ ದಿನ ನೇಗಿಲು, ಟ್ರಾಕ್ಟರು, ಕಾರುಗಳನ್ನು ತೊಳೆದು ಪೂಜಿಸುವುದು ನಮ್ಮ ನಾಡಿನ ಪದ್ಧತಿ. ಮಳೆಗಾಲದ ತೇವವು ಕೂಡಿಕೆಗಳಿಗೆ ತಗುಲಿದ ಮೇಲೆ ಬರುವ ಆ ಹಬ್ಬವೇ ಈ ತನಿಖೆಗೆ ತಕ್ಕ ಕಾಲ. ಗ್ರಾಮದ ಮುಖ್ಯಸ್ಥರು ಹಿಂದಿನ ಸಂಜೆಯೇ ಫ್ಯೂಜು ಪೆಟ್ಟಿಗೆಯನ್ನು ತೆರೆದು, ಅರ್ತನ್ನು ಬಿಗಿಮಾಡಿ, ಕತ್ತಲಾದ ಮೇಲೆ ದೀಪವನ್ನು ಹಾಕಿ ಮೀಟರುಗಳನ್ನೂ ಹಿಂದಿನ ದೀಪಗಳನ್ನೂ ನೋಡುವುದನ್ನು ರೂಢಿಗೆ ತಂದರೆ, ಅವರನ್ನು ನೋಡಿ ನೆರೆಹೊರೆಯವರೂ ಹಾಗೆಯೇ ಮಾಡುವರು. ನಿಂಬೆಹಣ್ಣನ್ನು ಚಕ್ರದ ಕೆಳಗೆ ಇಡುವ ಮುನ್ನ ಅರ್ಧ ಗಂಟೆಯ ಈ ಕೆಲಸವು ಮುಗಿದಿರಲಿ.